ಸದ್ದು ಕಾರಿನದೇ ಆಗಿತ್ತು

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ತಾವು ನಮ್ಮ ಹಳೇ ಕಾರನ್ನು ಪಾಸು ಮಾಡಿ, ನಮ್ಮ ಅತ್ತೆಯವರನ್ನು ಫೇಲು ಮಾಡಿದಿರಿ. ನನ್ನ ದೂರು ಇಷ್ಟೇ. ಇದನ್ನು ತಮ್ಮ ಕಚೇರಿಗೇ ಬಂದು ಹೇಳಿಕೊಳ್ಳಬಹುದಿತ್ತು. ಆದರೆ ತಾವು ಅತ್ತೆಗೆ ಆಡಿದ್ದು ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡು ನಕ್ಕ ಮಾತು. ಹಾಗಾಗಿ ಉತ್ತರವೂ ನಾಲ್ಕು ಜನರ ಮುಂದೆಯೇ ಇರಲಿ.

ನೆನಪಿಸುತ್ತೇನೆ, ನಾನು ಪಕ್ಕದಲ್ಲೇ ಇದ್ದೆ. "ಸಾರ್, ಮುಂದೆ ಎಡಗಡೆ ಟಕ್ ಅನ್ನುತ್ತೆ. ಬ್ರೇಕ್ ಹಾಕಿದಾಗ ಒಂದ್ಸಲ, ಬಿಟ್ಟಾಗ ಒಂದ್ಸಲ. ಸ್ವಲ್ಪ ಬಗ್ಗಿ ನೋಡ್ತೀರಾ?" ಎಂದರು ಅತ್ತೆ. ತಾವು ಬಗ್ಗಲಿಲ್ಲ. ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು ಬಗ್ಗುವುದಾದರೂ ಹೇಗೆ? ಬಾನೆಟ್ಟನ್ನು ಎರಡು ಬೆರಳಲ್ಲಿ ತಟ್ಟಿ, "ಅಜ್ಜಿ, ಸದ್ದು ಗಾಡೀದಲ್ಲ, ನಿಮ್ಮ ಕಿವೀದು. ತೋರಿಸ್ಕೊಳ್ಳಿ" ಎಂದು ಮೊಹರು ಒತ್ತಿದಿರಿ.

ಆ ಮೊಹರಿನ ತೂಕ ತಮಗೆ ಗೊತ್ತಿಲ್ಲ, ಸ್ವಾಮಿ. ಅದು ಕಾಗದದ ಮೇಲೆ ಬಿದ್ದು ಅಲ್ಲೇ ಒಣಗುವುದಿಲ್ಲ, ಮನೆಯೊಳಕ್ಕೂ ಬರುತ್ತದೆ. ಮಾವ ತೀರಿಕೊಂಡ ಮೇಲೆ ಅತ್ತೆ ಮಾತು ಕಡಿಮೆ ಮಾಡಿದ್ದರು, ಕಾರನ್ನು ಮಾತ್ರ ಬಿಟ್ಟಿರಲಿಲ್ಲ. ಪೇಟೆಗೆ, ಆಸ್ಪತ್ರೆಗೆ, ಗೆಳತಿಯ ಮನೆಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಮತ್ತೊಮ್ಮೆ ಸದ್ದಿನ ಮಾತೆತ್ತಿದಾಗ ನನ್ನ ಗಂಡ, "ಅಮ್ಮಾ, ಆಫೀಸರೇ ಇಲ್ಲ ಅಂದಮೇಲೆ ಇಲ್ಲ. ಓಡಿಸಿದ್ದು ಸಾಕು" ಎಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಕಿವಿ ಡಾಕ್ಟರ ಹತ್ತಿರ ಹೋದದ್ದೂ ಆಯಿತು. ಕಿವಿ ಚೆನ್ನಾಗಿದೆ ಎಂದರು. ಹಾಗಾದರೆ ಕೆಟ್ಟಿರುವುದು ಏನು? ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ನಾವು ಊಟಕ್ಕೆ ಕೂತಾಗಲೆಲ್ಲ ಆ ಪ್ರಶ್ನೆಯೂ ಬಂದು ನಮ್ಮ ನಡುವೆ ಕೂರುತ್ತಿತ್ತು.

ನಿಂತ ಕಾರಿನ ಪಕ್ಕ ಬಟ್ಟೆ ಒಣಹಾಕುವಾಗಲೂ ಅತ್ತೆ ಥಟ್ಟನೆ ತಿರುಗಿ ನೋಡುತ್ತಿದ್ದರು. "ಏನತ್ತೆ?" ಅಂದರೆ, "ಏನಿಲ್ಲಮ್ಮ, ಏನೂ ಕೇಳಿಸ್ಲಿಲ್ಲ" ಅನ್ನುತ್ತಿದ್ದರು. ಏನೂ ಕೇಳಿಸಲಿಲ್ಲವೆಂದು ಯಾರಾದರೂ ತಾವಾಗಿ ಹೇಳುತ್ತಾರೆಯೇ?

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವಳು; ನನ್ನ ಓಡಾಟವೆಲ್ಲ ಬಸ್ಸಿನಲ್ಲಿ. ಒಂದು ದಿನ ಭಾರದ ಯಂತ್ರವೊಂದನ್ನು ತರಲು ಕಾರು ತೆಗೆದೆ. ತಿರುವಿನಲ್ಲಿ ಬ್ರೇಕ್ ಒತ್ತಿದೆ. ಟಕ್. ಬಿಟ್ಟೆ. ಟಕ್. ಪಾದದಡಿಯಿಂದ ಯಾರೋ ಬೆರಳ ಗೆಣ್ಣಿನಲ್ಲಿ ಬಡಿದು ಕರೆದ ಹಾಗಿತ್ತು.

ಮರುದಿನ ಅಂಗಳದಲ್ಲೇ ಕಾರಿಗೆ ಜಾಕ್ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿ, ಎಡ ಚಕ್ರ ಬಿಚ್ಚಿದೆ. ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳಿನ ಬುಡದಲ್ಲಿ ರಬ್ಬರ್ ಬುಷ್ ಇರುತ್ತದೆ. ಸಲಾಕೆಯಿಂದ ಮೀಟಿದರೆ ತೋಳು ಸಡಿಲ ಹಲ್ಲಿನಂತೆ ಅಲ್ಲಾಡಿತು. ರಬ್ಬರ್ ಸುತ್ತಲೂ ಹರಿದು, ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಬಗ್ಗಿದ್ದರೆ ತಮಗೂ ಕಾಣುತ್ತಿತ್ತು.

ಅತ್ತೆಗೆ ಪಕ್ಕದಲ್ಲಿ ಕುರ್ಚಿ ಹಾಕಿದೆ. ಉದ್ದ ಬೋಲ್ಟು, ವಾಷರು, ಪೈಪಿನ ತುಂಡು ಸೇರಿಸಿ ಹಳೇ ಬುಷ್ ಎಳೆದು ತೆಗೆದೆ. ಸೋಪಿನ ನೀರು ಸವರಿ ಹೊಸದನ್ನು ಕೂರಿಸಿದೆ. ಬಲಗಡೆಯದೂ ಹಾಗೆಯೇ. ಕೊನೆಗೆ ತೋಳಿನ ಬೋಲ್ಟು ಬಿಗಿಯಲು ಹೊರಟಾಗ ಅತ್ತೆ, "ಈಗ್ಲೇ ಬೇಡ ಕಣೆ. ಚಕ್ರ ಹಾಕಿ, ಕಾರು ನೆಲಕ್ಕೆ ಭಾರ ಬಿಟ್ಟಮೇಲೆ ಬಿಗಿ ಮಾಡು. ನೇತಾಡುವಾಗ ಬಿಗಿದ್ರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ನಿಮ್ಮ ಮಾವ ಹಾಗೇ ಮಾಡ್ತಿದ್ರು" ಎಂದರು. ಮರುಕ್ಷಣ ಮುಖ ಬಾಡಿತು. "ಹಾಗಂತ ನೆನಪು... ನನ್ನ ಮಾತು ನಂಬಬೇಡ. ಬೇರೆ ಯಾರನ್ನಾದ್ರೂ ಕೇಳು."

ಯಾರನ್ನೂ ಕೇಳಲಿಲ್ಲ. ಅವರು ಹೇಳಿದಂತೆಯೇ ಬಿಗಿದೆ. ಸಂಜೆ ಅವರನ್ನು ಕೂರಿಸಿಕೊಂಡು ಅದೇ ತಿರುವಿಗೆ ಹೋದೆ. ಬ್ರೇಕ್ ಒತ್ತಿದೆ, ಬಿಟ್ಟೆ. ಸದ್ದೇ ಇಲ್ಲ. ಹಿಗ್ಗಿನಿಂದ ತಿರುಗಿದರೆ ಅತ್ತೆಯ ಕಣ್ಣಲ್ಲಿ ನೀರು. "ಸದ್ದು ನಿಂತಿತೇನೇ? ಇಲ್ಲಾ, ನನಗೆ ಅದೂ ಕೇಳಿಸದ ಹಾಗಾಯ್ತಾ?"

ಹರಿದ ಬುಷ್ಷನ್ನು ಅವರ ಅಂಗೈಯಲ್ಲಿಟ್ಟೆ. ನನ್ನ ಗಂಡ ಕೀಲಿ ಮುಂದಿಟ್ಟು, "ತಪ್ಪಾಯ್ತಮ್ಮಾ" ಎಂದರು. "ನೀವೆಲ್ಲ ನನ್ನ ಸಮಾಧಾನಕ್ಕೆ ಹೇಳ್ತೀರಿ. ಅವರು ಆಫೀಸರು" ಎಂದರು ಅತ್ತೆ. ಕೀಲಿ ಮುಟ್ಟಲಿಲ್ಲ.

ಈಗ ಫೋನು ಬಡಿದುಕೊಂಡರೂ, ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಅವರು ಮೊದಲು ನಮ್ಮ ಮುಖ ನೋಡುತ್ತಾರೆ. ನಮಗೂ ಕೇಳಿಸಿತೆಂದು ಖಾತ್ರಿಯಾದ ಮೇಲೆಯೇ ಏಳುತ್ತಾರೆ. ಮೊನ್ನೆ ನಾವಿಲ್ಲದಾಗ ಪಕ್ಕದ ಮನೆಯಾಕೆ ಬಾಗಿಲು ಬಡಿದು ಬಡಿದು, ಗಾಬರಿಯಾಗಿ ಕಿಟಕಿಯಿಂದ ಇಣುಕಿದರಂತೆ. ಅತ್ತೆ ಬಾಗಿಲನ್ನೇ ದಿಟ್ಟಿಸುತ್ತ ಕೂತಿದ್ದರಂತೆ.

ನನಗೆ ಪರಿಹಾರ ಬೇಡ. ತಮ್ಮ ಮೇಲೆ ವಿಚಾರಣೆಯೂ ಬೇಡ. ನಾವು ಹೇಳಿದರೆ ಅವರು ನಂಬುವುದಿಲ್ಲ; ಆದ್ದರಿಂದ ತಾವು ಬರಬೇಕು. ಯಾವ ಬಾಯಲ್ಲಿ ಇಲ್ಲವೆಂದಿರೋ ಅದೇ ಬಾಯಲ್ಲಿ, "ಸದ್ದು ಇತ್ತಮ್ಮ, ನಾನು ನೋಡಲಿಲ್ಲ" ಅನ್ನಬೇಕು. ಯೂನಿಫಾರಂ ಹಾಕಿಕೊಂಡೇ ಬನ್ನಿ. ಬಂದು ಬಾಗಿಲು ತಟ್ಟಿ. ನಾವೆಲ್ಲ ಒಳಗೇ ಇರುತ್ತೇವೆ, ಆದರೆ ಯಾರೂ ತೆರೆಯುವುದಿಲ್ಲ. ಅವರಾಗಿಯೇ ಎದ್ದು ಬರುವವರೆಗೆ ತಟ್ಟುತ್ತಲೇ ಇರಿ.

ಇಂತಿ,
ಕಾರನ್ನು ಮಾತ್ರ ರಿಪೇರಿ ಮಾಡಬಲ್ಲ ಸೊಸೆ