ರಂಗೋಲಿ ಹಾಕಿದ ಕಲ್ಲು

ಮಲ್ಲೇಶ್ವರಂ
12 ಮೇ 2025

ನನ್ನ ಕೋಕಿಲಾ,

ಫೋನ್ ಎತ್ತುವುದಿಲ್ಲ ಅಂತ ಹಟ ಹಿಡಿದಿದ್ದೀಯ, ಅದಕ್ಕೇ ಈ ಕಾಗದ. ನೀನು ನಿನ್ನ ತಮ್ಮನ ಮನೆ ಸೇರಿ ಆರು ತಿಂಗಳಾಯಿತು. ಪುಣ್ಯಾತ್ಗಿತ್ತಿ, ಬಸವನಗುಡಿ ಏನು ಪರದೇಶವೇ? ಮೆಜೆಸ್ಟಿಕ್‌ನಲ್ಲಿ ಒಂದು ಬಸ್ ಬದಲಾಯಿಸಿದರೆ ನಮ್ಮ ಬೀದಿ. ನನ್ನ ಮುಖ ನೋಡಲು ಆಗುತ್ತಿಲ್ಲ ನಿನಗೆ, ಅಷ್ಟೇ ತಾನೆ?

ಹಾಗಾದರೆ ಅದನ್ನೇ ಮಾತಾಡೋಣ. ಮಳೆ ಬಂದರೆ ಉಕ್ಕುವ ನಮ್ಮ ಮೋರಿಗಾಗಿ ರಸ್ತೆಯವರು, ನೀರಿನವರು, ಖರ್ಚು ಹೊತ್ತ ಕಂಪನಿಯವರು, ನಮ್ಮ ಸಂಘ, ಎಲ್ಲರೂ ಒಟ್ಟಿಗೆ ಕೂತದ್ದು ನಿನ್ನಿಂದ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದವರಿಗೆ ನಿನ್ನ ವರಾಂಡದಲ್ಲಿ ಚಿತ್ರಾನ್ನ ಬಡಿಸಿದೆ. ಸಂಘದ ಅಧ್ಯಕ್ಷೆ ಅಂದರೆ ಅಡುಗೆಯವಳೇನೇ ಅಂತ ನಾನು ಗೇಲಿ ಮಾಡುತ್ತಿದ್ದೆ. ಒಂದು ಮನೆ ಮುಂದೆ ಮೋರಿಗೆ ಚಪ್ಪಡಿ ಮುಚ್ಚಿ ಸಿಮೆಂಟ್ ಒಣಗಿದ ಮೇಲೆ ಆ ಮನೆಯ ಹೆಂಗಸು ಅದರ ಮೇಲೆ ರಂಗೋಲಿ ಹಾಕಬೇಕು ಅನ್ನುವ ಪದ್ಧತಿಯೂ ನಿನ್ನದೇ. ರಂಗೋಲಿ ಇದ್ದರೆ ಕಾಲಿಡಬಹುದು, ಇಲ್ಲದಿದ್ದರೆ ಸುತ್ತಿಕೊಂಡು ಹೋಗಬೇಕು. ಬೀದಿಯ ಮಕ್ಕಳಿಗೂ ಅದು ಗೊತ್ತಿತ್ತು.

ನಮ್ಮ ಬೀದಿಯ ಭಾಗದ ಉದ್ಘಾಟನೆಯ ದಿನ ನಿನ್ನ ಗೇಟಿನ ಮುಂದಿನ ಚಪ್ಪಡಿಗೆ ಸಿಮೆಂಟೇ ಬಿದ್ದಿರಲಿಲ್ಲ. ನೀರಿನವರು ಹಾಕಿದ್ದಾರೆ ಅಂತ ರಸ್ತೆಯವರು, ಕಂಪನಿಯ ಕಂಟ್ರಾಕ್ಟರ್ ಹಾಕಿದ್ದಾನೆ ಅಂತ ನೀರಿನವರು. ಎಲ್ಲಾ ಮುಗಿದಿದೆ, ಫೋಟೋಗೆ ಚೆನ್ನಾಗಿರುತ್ತೆ, ರಂಗೋಲಿ ಹಾಕಿ ಅಂತ ಕಂಪನಿಯ ಮಹಾನಂದ ಹೇಳಿದ. ನೀನು ನಂಬಿ ಹಾಕಿದೆ.

ನಮ್ಮ ಯಜಮಾನರು ದಿನಾ ಬೆಳಿಗ್ಗೆ ಕೊಡೆಯ ತುದಿಯಿಂದ ಚಪ್ಪಡಿಗಳನ್ನು ತಟ್ಟಿಕೊಂಡು ಹೋಗುತ್ತಿದ್ದದ್ದು ನಿನಗೆ ನೆನಪಿರಬೇಕು. ಗಟ್ಟಿಯಾಗಿದ್ದರೆ ಒಂದು ಸಲ, ಅನುಮಾನ ಬಂದರೆ ಎರಡು ಸಲ. ಅವತ್ತು ರಂಗೋಲಿ ನೋಡಿದರು, ತಟ್ಟಲೇ ಇಲ್ಲ. ಚಪ್ಪಡಿ ಮಗುಚಿತು. ಕೆಳಗಿನ ಪೈಪಿಗೆ ತಲೆ ಬಡಿದು, ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ನಿನ್ನ ಮೇಲೆ ಸಿಟ್ಟು ಬಂದಿತ್ತು ಕಣೇ, ಸುಳ್ಳು ಯಾಕೆ ಹೇಳಲಿ. ಈಗ ಇಲ್ಲ. ಈಗ ಇರುವುದು ಭಯ. ಕೆಲಸ ಅಲ್ಲಿಗೇ ನಿಂತಿದೆ. ಶ್ರೀರಾಂಪುರದ ಕಡೆ, ನಮಗೆ ಹೂ ತರುವ ಮುನಿಯಕ್ಕನ ಮನೆ ಮುಂದೆ ಮೋರಿ ಬಾಯಿ ಬಿಟ್ಟುಕೊಂಡೇ ಇದೆ. ಅವಳ ಮೊಮ್ಮಕ್ಕಳು ಅದನ್ನು ಹಾರಿಕೊಂಡು ಓಡಾಡುತ್ತಾರೆ. ಮಳೆ ಶುರುವಾಗಿದೆ. ಶುಕ್ರವಾರ ಸಭೆ ಕರೆದಿದ್ದಾರೆ. ನೀನಿಲ್ಲದಿದ್ದರೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಎದ್ದು ಹೋಗುತ್ತಾರೆ, ಬರೆದಿಟ್ಟುಕೋ. ಇನ್ನೊಂದು ಮನೆಗೆ ನನ್ನ ಗತಿ ಬರಬಾರದು.

ಇನ್ನೊಂದು ವಿಷಯ, ನಗಬೇಡ. ಬೆಳಕು ಹರಿಯುವ ಹೊತ್ತಿಗೆ ಬೀದಿಯಲ್ಲಿ ಟಕ್ ಟಕ್ ಅಂತ ಕೊಡೆ ತಟ್ಟುವ ಸದ್ದು. ಮುಸುಕು ಹೊದ್ದು ಮಲಗಿರುತ್ತಿದ್ದೆ. ನಿನ್ನೆ ಧೈರ್ಯ ಮಾಡಿ ಬಾಗಿಲು ತೆಗೆದರೆ, ಅಯ್ಯೋ, ಮುನಿಯಕ್ಕ! ಅವತ್ತು ಬಿದ್ದಿದ್ದ ಕೊಡೆಯನ್ನು ಎತ್ತಿಟ್ಟುಕೊಂಡಿದ್ದಳಂತೆ. ಮಕ್ಕಳು ಓಡಾಡುವ ದಾರಿ ಅಂತ ಯಜಮಾನರ ಹಾಗೆ ತಟ್ಟಿ ನೋಡುತ್ತಾಳೆ. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಕೊಡೆ ನೀನೇ ಇಟ್ಟುಕೋ ಅಂದೆ.

ಬಾರೇ. ನಿನ್ನ ಪಕ್ಕದಲ್ಲಿ ನಾನು ಕೂರುತ್ತೇನೆ, ಯಾರು ಏನಂತಾರೆ ನೋಡೇ ಬಿಡೋಣ.

ನಿನ್ನ ಎದುರುಮನೆ
ವಿಶಾಲಮ್ಮ

ತಾ.ಕ.: ಕಾಗದ ಅಂಟಿಸುವ ಮೊದಲು ಮುನಿಯಕ್ಕ ಹೂ ಕೊಡಲು ಬಂದಿದ್ದಳು. ದೀಪದ ಕಂಬದ ಹತ್ತಿರವೇ ವಾಪಸ್ ತಿರುಗುತ್ತಾಳಂತೆ, ನಿನ್ನ ಗೇಟಿನ ತನಕ ಬರಲು ಅವಳಿಗೆ ಹೆದರಿಕೆಯಂತೆ. ನನಗೆ ಮಾತ್ರ ದಿನಾ ನಿನ್ನ ಗೇಟಿನ ಮುಂದಿನಿಂದಲೂ ಆ ಸದ್ದು ಕೇಳಿಸುತ್ತದೆ, ಇವತ್ತೂ ಕೇಳಿಸಿತು. ಎರಡು ಸಲ. ಆ ಚಪ್ಪಡಿಗೆ ಆಮೇಲೆ ಸಿಮೆಂಟ್ ಹಾಕಿದ್ದೇವೆ ಅಂತ ಎಲ್ಲರೂ ಹೇಳುತ್ತಾರೆ. ಶುಕ್ರವಾರ ಬರುವಾಗ ಅದರ ಮೇಲೆ ಕಾಲಿಡಬೇಡ ಕೋಕಿಲಾ, ಸುತ್ತಿಕೊಂಡು ಬಾ.