ತಪ್ಪು ಗೋಧಿಯದು, ಮಾತು ಬಂದದ್ದು ನಿಮಗೆ

ನನ್ನ ಜಂಬದ ಅತ್ತೆಗೆ,

ನೀವು ತೀರಿಹೋಗಿ ವರ್ಷವಾಗುತ್ತ ಬಂತು. ಇವತ್ತಿನ ಸಮಾಚಾರ ನಿಮಗೆ ಬರೆಯದೆ ನನಗೆ ಊಟ ಸೇರುವುದಿಲ್ಲ. ನಿಮ್ಮ ಮೇಲಿದ್ದ ಅಪವಾದ ತೊಲಗಿತು, ಅತ್ತೆ!

ಮದುವೆಯಾಗಿ ಊರಿಗಾಂನ ಗಣಿ ಕಾರ್ಮಿಕರ ಲೈನಿನ ಈ ಮನೆಗೆ ಬಂದ ಮೊದಲ ದಿನ ನೆನಪಿದೆಯಾ? ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವಳು, ಮುದ್ದೆ ನುಂಗಿಯೇ ಬೆಳೆದವಳು. ನೀವು ನನಗೆ ಚಪಾತಿ ಬಡಿಸಿ, ಒಲೆ ಮುಂದೆ ಕೂತು ನೀವು ಮಾತ್ರ ಮುದ್ದೆ ಉಂಡಿರಿ. ಕೇಳಿದ್ದಕ್ಕೆ, "ಸುಮ್ನೆ ತಿನ್ನಮ್ಮ. ಸೊಸೇಗೆ ಬರೀ ಮುದ್ದೆ ಆಕ್ತಾಳೆ ಅಂತ ನಿಮ್ಮೂರೋರು ಅಂದ್ರೆ ನನ್ ಮಾನ ಓಗಲ್ವಾ?" ಅಂದಿರಿ.

ಆಮೇಲೆ ಶುರುವಾಯಿತಲ್ಲ ನನ್ನ ಹೊಟ್ಟೆಯ ರಾದ್ಧಾಂತ! ಭೇದಿ, ಬಾಯಿಹುಣ್ಣು, ರಕ್ತವಿಲ್ಲದ ಮುಖ. ನಾನು ಸೊರಗಿದಷ್ಟೂ ನೀವು ರವೆ ಉಪ್ಪಿಟ್ಟು, ಚಪಾತಿ, ಬೇಕರಿ ಬ್ರೆಡ್ಡು ಅಂತ ಹೆಚ್ಚಿಸುತ್ತಲೇ ಹೋದಿರಿ. ತವರಿಗೆ ಹೋಗಿ ಒಂದು ತಿಂಗಳು ಮುದ್ದೆ ಉಂಡರೆ ಕೆನ್ನೆ ತುಂಬಿಕೊಳ್ಳುತ್ತಿತ್ತು. ವಾಪಸ್ ಬಂದರೆ ಮತ್ತೆ ಅದೇ ಕಥೆ.

ನಲ್ಲಿ ಹತ್ತಿರ ಎದುರುಮನೆ ಸೆಲ್ವಿಯಕ್ಕ, "ತಾಯ್ ಮನೇಲಿ ಉಬ್ಕೊಂಡು ಬತ್ತಾಳೆ, ಅತ್ತೆ ಮನೇಲಿ ಒಣಗ್ತಾಳೆ. ಅಲ್ಲೇ ಗೊತ್ತಾಗಲ್ವಾ?" ಅಂದದ್ದು ನಿಮ್ಮ ಕಿವಿಗೇ ಬಿತ್ತು. ನೀವು ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದುಬಿಟ್ಟಿರಿ. "ನಾನೇನಾದ್ರೂ ಕಮ್ಮಿ ಮಾಡಿದ್ನಾ, ಸುಮಾ?" ಅಂತ ಕೇಳಿದಿರಿ. ಇಲ್ಲ ಅಂದೆ. ಆದರೂ ಆ ಮಾತನ್ನು ಹೊತ್ತುಕೊಂಡೇ ಹೋದಿರಲ್ಲ...

ಆರು ತಿಂಗಳ ಹಿಂದೆ ನಿಮ್ಮ ಮಗ ನನ್ನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ ಮಾಡಿ, ಬಾಯೊಳಗೆ ಪೈಪು ಇಳಿಸಿ ನೋಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು. ಗೋಧಿ ಹೊಟ್ಟೆಗೆ ಬಿದ್ದರೆ ರೋಗದಿಂದ ಕಾಯಬೇಕಾದ ನನ್ನ ಮೈಯ ಕಾವಲೇ ಕೆರಳಿ ನನ್ನ ಕರುಳಿನ ಮೇಲೆ ಬೀಳುತ್ತದಂತೆ. ಕರುಳೇ ಸವೆದರೆ ತಿಂದದ್ದು ಮೈಗೆ ಹತ್ತುವುದಾದರೂ ಹೇಗೆ? "ಗೋಧಿ, ಮೈದಾ, ರವೆ ಜೀವಮಾನಕ್ಕೆ ಬೇಡ. ಮುದ್ದೆ ತಿನ್ನಿ" ಅಂದರು. ನಾನು ಜೋರಾಗಿ ನಕ್ಕಿದ್ದು ನೋಡಿ ಅವರಿಗೇ ಗಾಬರಿಯಾಯಿತು. ಅಂಗಡಿಯ ಇಂಗಿನಲ್ಲೂ ಮೈದಾ ಬೆರೆಸಿರುತ್ತಾರಂತೆ. ಅಂದರೆ ನಿಮ್ಮ ಘಮಘಮ ಸಾರೂ ಇದರಲ್ಲಿ ಶಾಮೀಲು!

ಬಂದ ದಿನವೇ ರಿಪೋರ್ಟು ಹಿಡಿದು ಲೈನಿನ ಮನೆಮನೆಗೂ ಹೇಳಿದೆ. ಸೆಲ್ವಿಯಕ್ಕ ನಂಬಬೇಕಲ್ಲ? "ಚಪಾತಿ ತಿಂದು ಯಾರಾದ್ರೂ ಒಣಗ್ತಾರಾ? ಸತ್ತೋರ್ ಮೇಲೆ ತಪ್ಪು ಬ್ಯಾಡ ಅಂತ ಏಳ್ತೀಯ" ಅಂದುಬಿಟ್ಟರು. ಇರಲಿ ಅಂತ ಹಲ್ಲು ಕಚ್ಚಿಕೊಂಡು ಮುದ್ದೆ ಉಣ್ಣುತ್ತಾ ಬಂದೆ.

ನಾಲ್ಕು ತಿಂಗಳು ಮಗಳ ಮನೆಯಲ್ಲಿದ್ದು ಬಂದ ಸೆಲ್ವಿಯಕ್ಕ ಇವತ್ತು ಬೆಳಿಗ್ಗೆ ನಲ್ಲಿ ಹತ್ತಿರ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಏನಮ್ಮಾ, ಗುಂಡ್‌ಗುಂಡ್ಗೆ ಆಗಿದ್ದೀಯ! ತಾಯ್ ಮನೆಗೆ ಓಗಿದ್ದಾ?" ಅಂದರು.

"ಇಲ್ಲ ಸೆಲ್ವಿಯಕ್ಕ. ಆರು ತಿಂಗಳಿಂದ ನಮ್ಮತ್ತೆ ಮನೇಲೇ ಇದ್ದೀನಿ."

ಈ ಸಲ ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೊರಟದ್ದು ಅವರು. ಸಂಜೆ ಒಂದು ಮೊಳ ಮಲ್ಲಿಗೆ ಹಿಡಿದು ಬಂದು, ನಿಮ್ಮ ಫೋಟೋಗೆ ಹಾಕಿ, "ತಪ್ಪಾಯ್ತು ಕಣಕ್ಕ" ಅಂತ ಶುರು ಮಾಡಿದರು. ಲೈನಿನವರೆಲ್ಲ ಕೇಳಲಿ ಅಂತ ನಾನು ಬಾಗಿಲು ಪೂರ್ತಿ ತೆರೆದಿಟ್ಟೆ.

ನಿಮ್ಮ ಸೊಸೆ,
ಸುಮಾ