ತೆಂಗಿನೆಣ್ಣೆ ಕುಡಿದ ಪಿಸ್ತೂಲು

ಡೊಂಬಿವಲಿ ಪೂರ್ವ
11 ನವೆಂಬರ್ 2025, ಮಂಗಳವಾರ

ಪ್ರೀತಿಯ ದಿಶಾಳ ಪಪ್ಪನಿಗೆ,

ನಿಮ್ಮ ಜಯಲತಾಳ ನಮಸ್ಕಾರ. ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ವಾಪಿಯ ಹೊಸ ಕ್ಯಾಂಟೀನಿನಲ್ಲಿ ದಿನವಿಡೀ ನಿಂತೇ ಇರುತ್ತೀರೆಂದು ವಸಂತಕುಮಾರ ಹೇಳಿದ. ನಿಮ್ಮ ಅಡುಗೆಯವನು ಎರಡು ದಿನ ರಜೆಯಲ್ಲಿ ಬಂದರೆ ನಿಮ್ಮ ಗುಟ್ಟೆಲ್ಲ ಮನೆ ಸೇರುತ್ತದೆ, ತಿಳಿದಿರಲಿ. ನಾಳೆ ಬೆಳಗಿನ ಗಾಡಿಗೆ ಅವನು ಹೊರಡುತ್ತಾನೆ. ಅವನ ಕೈಯಲ್ಲೇ ಚಟ್ನಿಪುಡಿ, ಕಾಲಿಗೆ ತಿಕ್ಕುವ ತೈಲ ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡಿ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು ಸಾಂಬಾರು ನೋಡಲು ಓಡುತ್ತೀರಿ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಈಗ ಸುದ್ದಿ. ದಯವಿಟ್ಟು ಕುಳಿತುಕೊಂಡು ಓದಿ. ನಿಮ್ಮ ಏರ್ ಪಿಸ್ತೂಲನ್ನು ನಾನು ಬಿಚ್ಚಿಸಿದೆ. ಹೌದು, ಅದೇ. ಠಾಣೆ ಊರಿನ ಶೂಟಿಂಗ್ ಕ್ಲಬ್ಬಿನಲ್ಲಿ ನಿಮಗೆ ಬಹುಮಾನದ ಕಪ್ಪು ತಂದುಕೊಟ್ಟದ್ದು, ನಮ್ಮ ಮದುವೆಗಿಂತ ಹಳೆಯದು, ಧೂಳು ಒರೆಸಲು ಕೂಡ ನನ್ನನ್ನು ಮುಟ್ಟಲು ಬಿಡದಿದ್ದದ್ದು. ಬೈಯುವುದಿದ್ದರೆ ಒಮ್ಮೆ ಬೈದು ಮುಗಿಸಿ, ಆಮೇಲೆ ಮುಂದೆ ಓದಿ.

ನೀವು ಹೊರಟ ಹಿಂದಿನ ಸಂಜೆ ದಿಶಾ ಹಾಲ್‌ನಲ್ಲಿ ಗುರಿ ಹಿಡಿದು ಅಭ್ಯಾಸ ಮಾಡುತ್ತಿದ್ದಾಗ ಏನಂದಿರಿ, ನೆನಪಿದೆಯೇ? "ಪಿಸ್ತೂಲಿಗೆ ಎಂತದೂ ಆಗ್ಲಿಲ್ಲ, ನಿನ್ನ ಬೆರಳೇ ಒರಟು" ಎಂದಿರಿ. ನೀವು ಅದನ್ನು ಹೇಳಿ ಸೂಟ್‌ಕೇಸ್ ತುಂಬಿಸಲು ಹೋದಿರಿ. ಅವಳು ಅದನ್ನು ಈ ಒಂದು ತಿಂಗಳು ಹೊತ್ತುಕೊಂಡು ತಿರುಗಿದಳು. ಕ್ಲಬ್ಬಿನವರು ಹೊಸ ಪಿಸ್ತೂಲು ಕೊಡುತ್ತೇವೆಂದರೂ ಬೇಡವಂತೆ, ಪಪ್ಪನದ್ದೇ ಆಗಬೇಕಂತೆ. ಗುಂಡುಗಳು ಮಾತ್ರ ಎಡಕ್ಕೂ ಕೆಳಕ್ಕೂ ಹೋಗಿ ಬೀಳುತ್ತಿದ್ದವು. ಈ ರವಿವಾರ ಬೇಲಾಪುರದಲ್ಲಿ ಜಿಲ್ಲಾ ಆಯ್ಕೆ. ನಾನು ಧೈರ್ಯ ಹೇಳಲು ಹೋದರೆ "ರೆಹ್ನೇ ದೋ ಮಮ್ಮಿ, ಮೇರೀ ಉಂಗ್ಲೀ ಹೀ ಖರಾಬ್ ಹೈ" ಎಂದಳು, ಅವಳ ಬೆರಳೇ ಸರಿಯಿಲ್ಲವಂತೆ. ರವಿವಾರ ಕಳೆದ ಮೇಲೆ ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸುತ್ತಾಳಂತೆ. ಹದಿನೇಳು ವರ್ಷದ ಹುಡುಗಿ ಅದನ್ನು ಅಷ್ಟು ತಣ್ಣಗೆ ಹೇಳಿದಳು.

ಅವಳು ಕ್ಲಾಸಿಗೆ ಹೋದಾಗ ನಾನೇ ಟ್ರಿಗರ್ ಒತ್ತಿ ನೋಡಿದೆ. ಮೊದಲು ಸ್ವಲ್ಪ ಬಂತು, ನಡುವೆ ಕಚ್ಚಿಕೊಂಡು ನಿಂತಿತು, ಇನ್ನಷ್ಟು ಜೋರು ಮಾಡಿದಾಗ ಧಡಕ್ಕನೆ ಜಾರಿ ಕೈಯನ್ನೇ ಅಲುಗಾಡಿಸಿತು. ಮಳೆಗಾಲದಲ್ಲಿ ನಮ್ಮ ಬಚ್ಚಲಿನ ಬಾಗಿಲು ತೆಗೆದ ಹಾಗೆ. ಇದು ಬೆರಳಿನ ತಪ್ಪಲ್ಲ ಎಂದು ನನಗೆ ಗಟ್ಟಿಯಾಯಿತು. ನೇರ ಮೂರನೆಯ ಮಹಡಿಗೆ ಹೋಗಿ ತಾರಾನಾಥಣ್ಣನನ್ನು ಕರೆದೆ. ಎಂಐಡಿಸಿ ಕೈಗಾರಿಕಾ ವಲಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು ರಿಟೈರ್ ಆದ ಮೇಲೆ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಹೆಂಡತಿ ಊರ್ಮಿಳಕ್ಕನ ತಲೆ ತಿನ್ನುತ್ತಿದ್ದಾರೆ. ನಾನು ಕರೆದದ್ದಕ್ಕೆ ಅವರಿಗಿಂತ ಹೆಚ್ಚು ಖುಷಿಯಾದದ್ದು ಊರ್ಮಿಳಕ್ಕನಿಗೆ.

ನಮ್ಮ ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಪಿಸ್ತೂಲು ಖಾಲಿ ಇದೆಯೇ ಎಂದು ಮೂರು ಸಲ ನೋಡಿ, ಒಂದೊಂದೇ ಸ್ಕ್ರೂ ಬಿಚ್ಚಿ ಸಾಲಾಗಿ ಇಟ್ಟರು. ಒಳಗೆ ನೋಡಿದವರೇ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದೆಂತ ಜಯಕ್ಕ, ಇದಕ್ಕೆ ಯಾರು ತೆಂಗಿನೆಣ್ಣೆ ಬಿಟ್ಟದ್ದು?" ನೀವಲ್ಲದೆ ಇನ್ಯಾರು! ಹೋಟೆಲಿನ ಗ್ರೈಂಡರಿಗೆ ಬೇರೆ ಎಣ್ಣೆ ಹಾಕಿದರೆ ಹಿಟ್ಟಿಗೆ ವಾಸನೆ ಹಿಡಿಯುತ್ತದೆಂದು ತೆಂಗಿನೆಣ್ಣೆ ಬಿಟ್ಟು ರೂಢಿಯಾದವರು ನೀವು. ಮನೆಯ ಬೀಗ, ಫ್ಯಾನು, ಹೊಲಿಗೆ ಯಂತ್ರ, ಎಲ್ಲಕ್ಕೂ ಅದೇ ಮದ್ದು. ಇಪ್ಪತ್ತು ಆಯುಧಪೂಜೆಯ ಎಣ್ಣೆ ಪಿಸ್ತೂಲಿನೊಳಗೆ ಮೇಣವಾಗಿ ಕುಳಿತಿತ್ತು. ಅದರಲ್ಲಿ ಸೇರಿಕೊಂಡು ಕೆಂಪಗೆ ಗಟ್ಟಿಯಾದ ಕೊಳೆ ಬೇರೆ. ತಾರಾನಾಥಣ್ಣ ಅದನ್ನು ಸೂಜಿಯಿಂದ ಕೆರೆದು ಕಾಗದದ ಮೇಲೆ ಹಾಕಿ ನನಗೆ ತೋರಿಸಿದರು. ತುಕ್ಕು ಇರಬೇಕು ಎಂದೆ. ಅವರು ನನ್ನ ಮುಖ ನೋಡಿ, ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು.

ಎಲ್ಲ ತೊಳೆದು ಒರೆಸಿದ ಮೇಲೂ ಟ್ರಿಗರಿಗೆ ಕೊಂಡಿ ಹಾಕುವ ಚಿಕ್ಕ ತುಂಡಿನ ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ತರಿ ಇತ್ತು. ನುಣ್ಣನೆಯ ಸಾಣೆಕಲ್ಲಿನಲ್ಲಿ ಅದನ್ನು ನಾಲ್ಕೇ ನಾಲ್ಕು ಸಲ ಸವರಿದರು. ಇನ್ನೂ ನಾಲ್ಕು ಸಲ ಉಜ್ಜಿ ಎಂದೆ. "ಹೆಚ್ಚಾದ್ರೆ ಮುಟ್ಟುವ ಮೊದ್ಲೇ ಹಾರ್ತದೆ, ಆಮೇಲೆ ಅದು ಯಾರ ಮಾತೂ ಕೇಳುದಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದರು. ಟ್ರಿಗರ್ ಅರ್ಧ ಕಿಲೋ ಭಾರವನ್ನು ತಡೆದುಕೊಳ್ಳಲೇಬೇಕೆಂಬುದು ಆಟದ ನಿಯಮವಂತೆ. ಬಿಚ್ಚುವ ಮೊದಲು ನಳಿಗೆ ಮೇಲೆ ಮಾಡಿ ಹಿಡಿದು, ಚೀಲದಲ್ಲಿ ಒಂದೂವರೆ ಕಿಲೋ ಕುಚ್ಚಲಕ್ಕಿ ಕಟ್ಟಿ ತೂಗಿಸಿದರೂ ಟ್ರಿಗರ್ ಅಲ್ಲಾಡಿರಲಿಲ್ಲ. ಈಗ ಅರ್ಧ ಕಿಲೋ ರವೆ ಕಟ್ಟಿದೆವು, ಹಿಡಿದುಕೊಂಡಿತು. ಒಂದು ಮುಷ್ಟಿ ರವೆ ಹೆಚ್ಚು ಹಾಕಿದೆ, ಟಕ್ ಎಂದು ಬಿಟ್ಟಿತು. ನಾನು ಚಪ್ಪಾಳೆ ತಟ್ಟಿದ್ದಕ್ಕೆ ಅರ್ಧ ರವೆ ನೆಲದ ಪಾಲಾಯಿತು. ಉಳಿದದ್ದರಲ್ಲಿ ತಾರಾನಾಥಣ್ಣನಿಗೆ ಶಿರಾ ಮಾಡಿಕೊಟ್ಟೆ.

ನಿನ್ನೆ ದಿಶಾ ಕ್ಲಬ್ಬಿನಿಂದ ಗುರಿಯ ಕಾಗದ ತಂದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಹತ್ತರಲ್ಲಿ ಏಳು ಗುಂಡು ನಡುವಿನ ಕಪ್ಪಿನೊಳಗೇ ಇವೆ. ಆದರೂ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾಳೆ. ನಾನು ಎಷ್ಟು ಹೊಗಳಿದರೂ ಅಷ್ಟೇ, ಅವಳಿಗೆ ಬೇಕಾದದ್ದು ನನ್ನ ಮಾತಲ್ಲ. ಅಟ್ಟದ ಮಾತನ್ನು ಅವಳು ಇನ್ನೂ ಬಿಟ್ಟಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡಿ. ತೈಲವನ್ನು ಬಿಸಿ ಮಾಡಿ ತಿಕ್ಕಿ, ಯಂತ್ರಗಳಿಗೆ ಹಾಕಬೇಡಿ. ಮೂರನೆಯ ಮಹಡಿಯವರು ನಿಮ್ಮ ಕ್ಷೇಮ ಕೇಳಿದ್ದಾರೆ.

ನಿಮ್ಮ
ಜಯಲತಾ

ತಾ.ಕ.: ಬೆಳಗಾಯಿತು. ವಸಂತಕುಮಾರ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಕೆಂಪು ಕೊಳೆ ತುಕ್ಕಲ್ಲ, ಕುಂಕುಮ. ವರ್ಷವೂ ಆಯುಧಪೂಜೆಯ ದಿನ ನೀವು ಆರತಿ ತಟ್ಟೆ ತರಲು ಹೋದಾಗ ಟ್ರಿಗರಿನ ಸಂದಿಗೆ ಒಂದು ಚಿಟಿಕೆ ತುಂಬುತ್ತಿದ್ದವಳು ನಾನೇ. ಒಳಗೆ ತಲುಪಿದರೆ ಪ್ರಾರ್ಥನೆ ದೇವರಿಗೆ ಬೇಗ ಕೇಳಿಸುತ್ತದೆ ಎಂದುಕೊಂಡಿದ್ದೆ. ನಿನ್ನೆ ರಾತ್ರಿ ದಿಶಾಳ ಮುಂದೆ ಒಪ್ಪಿಕೊಂಡೆ, ಅವಳು ನಕ್ಕು ನಕ್ಕು ಸೋಫಾದ ಮೇಲೆ ಬಿದ್ದಳು, ಒಂದು ತಿಂಗಳ ಮೇಲೆ ನಕ್ಕದ್ದು. ನಾನು ನನ್ನ ಪಾಲಿನದ್ದು ಒಪ್ಪಿಕೊಂಡಾಯಿತು, ಇನ್ನು ನಿಮ್ಮ ಸರದಿ. ರವಿವಾರ ಬೆಳಿಗ್ಗೆ ಏಳಕ್ಕೆ ಅವಳು ಮನೆ ಬಿಡುತ್ತಾಳೆ. ಅದಕ್ಕೆ ಮೊದಲು ಫೋನ್ ಮಾಡಿ, ನನಗಲ್ಲ, ಅವಳಿಗೆ. ಬೆರಳು ಸರಿ ಉಂಟು ಮಗಾ ಎಂದು ಹೇಳಿ. ಸಾಂಬಾರು ಸ್ವಲ್ಪ ತಳ ಹಿಡಿದರೆ ಹಿಡಿಯಲಿ.